ಹೊಸ ಮಷಿನ್, 3 ವರ್ಷದ ಮಗಳು: ಮೊದಲು ಗೊಂಬೆಗೆ ಫ್ರಾಕ್ ಹೊಲಿಯಲೇ?

ಗೊಂಬೆಯ ಫ್ರಾಕಿನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಮಗಳ ಫ್ರಾಕಿಗೆ ಹೋಗಲೇ, ಪುಣೆಯಲ್ಲಿ ಬಟ್ಟೆ ಎಲ್ಲಿ ತಗೊಳ್ಳಲಿ ಅಂತ ಕೇಳಿದ್ದೀರಿ. ಗೊಂಬೆಯ ಫ್ರಾಕ್ ಮೊದಲು ಬೇಡ. ನಾನು ಅದನ್ನೇ ಮಾಡಿ ಎರಡು ವಾರ ಕಳೆದುಕೊಂಡೆ. ಚಿಕ್ಕದು, ಕೆಟ್ಟರೂ ಗೇಣು ಬಟ್ಟೆ ತಾನೇ ಅನ್ನೋ ಲೆಕ್ಕ ನನ್ನದು. ಆದರೆ ಅಂಗೈಯಷ್ಟು ಫ್ರಾಕಿನ ತೋಳಿನ ಸುತ್ತಳತೆ ಎರಡೂವರೆ ಇಂಚು. ಮಷಿನ್ ಪಾದದ ಕೆಳಗೆ ಅದನ್ನು ತಿರುಗಿಸೋಕೆ ಜಾಗವೇ ಇರಲ್ಲ, ಹೊಲಿಗೆಗೆ ಬಿಟ್ಟ ಅಂಚೇ ಒಳಗೆ ಗಂಟಾಗಿ ಕೂರುತ್ತೆ. ಮಗಳ ಫ್ರಾಕ್ ಇದಕ್ಕಿಂತ ಎಷ್ಟೋ ಸುಲಭ.

ಗೊಂಬೆಗೆ ಹೊಲಿಯಲೇಬೇಕು ಅಂದರೆ ನೇರ ಹೊಲಿಗೆಯ ಸಾಮಾನು ಹಿಡಿಯಿರಿ. ತುಳಶೀಬಾಗದ ಪೇಟೆಗೆ ಹೋಗಿದ್ದರೆ ಭಾತುಕಲಿ ನೋಡಿರುತ್ತೀರಿ, ಬೊಗಸೆಯಲ್ಲಿ ಹಿಡಿಯುವಷ್ಟು ಒಲೆ, ಪಾತ್ರೆ, ಲಟ್ಟಣಿಗೆ. ನನ್ನ ಮಗಳಿಗೆ ಅದರ ಜೊತೆಗೆ ನಾನು ಹೊಲಿದುಕೊಟ್ಟ ಮೊದಲ ಸಾಮಾನು ಮಸಿಅರಿವೆ. ನಾಲ್ಕು ಇಂಚಿನ ಚೌಕ, ನಾಲ್ಕೂ ಬದಿ ಮಡಚಿ ಹೊಲಿದದ್ದು, ಅಷ್ಟೇ. ಅದನ್ನು ಹಿಡಿಯದೆ ಅವಳು ಈಗಲೂ ಖಾಲಿ ಪಾತ್ರೆಯನ್ನು "ಒಲೆ" ಮೇಲಿಂದ ಇಳಿಸೋದಿಲ್ಲ! ಆಮೇಲೆ ತಲೆದಿಂಬು, ಆಮೇಲೆ ಪಾತ್ರೆ ತುಂಬಿಡೋಕೆ ಒಂದು ಚೀಲ.

ಗೊಂಬೆಯ ಕೌದಿಯನ್ನು ಮಾತ್ರ ಕೈಯಲ್ಲೇ ಹಾಕಿ. ಧಾರವಾಡದಲ್ಲಿ ನಮ್ಮವ್ವ ಹಳೇ ಸೀರೆ ಹಾಸಿ, ಮೇಲೆ ತುಂಡು ಜೋಡಿಸಿ ದಾರ ಓಡಿಸುತ್ತಿದ್ದಳು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕವಂದಿ (ಅವರ ಕೌದಿ) ಹೊಲಿಯುವಾಗ ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಗೊಂಬೆಯದಕ್ಕೆ ನಾನು ಇದನ್ನೇ ಹಿಡಿದೆ. ಅಂಚು ಮೊದಲೇ ಮಡಚಿ ಮುಗಿದಿರುವುದರಿಂದ ಕೊನೆಗೆ ಬೇರೆ ಪಟ್ಟಿ ಕೂರಿಸುವ ರಗಳೆ ಇಲ್ಲ.

ಮಗಳಿಗೆ ಮೊದಲು ಇಲಾಸ್ಟಿಕ್ ಲಂಗ. 44 ಇಂಚು ಪನ್ನಾದ (ಅಗಲದ) ಕಾಟನ್ ಅರ್ಧ ಮೀಟರ್ ಸಾಕು. ಸೊಂಟ 20 ಇಂಚು ಇದ್ದರೆ ಬಟ್ಟೆಯ ಪನ್ನಾ ಅದರ ಎರಡರಷ್ಟು ಆಯಿತು, ನೆರಿಗೆ ತಾನಾಗೇ ಬೀಳುತ್ತೆ. ಇಲಾಸ್ಟಿಕ್ ಸೊಂಟಕ್ಕಿಂತ ಒಂದೂವರೆ ಇಂಚು ಕಡಿಮೆ. ಕೆಳಗೆ ಮೂರು ಇಂಚು ಮಡಚಿಡಿ, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಕತ್ತರಿಸುವ ಮುಂಚೆ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಉದ್ದ ಕುಗ್ಗುತ್ತೆ.

ಫ್ರಾಕಿಗೆ ಅವಳ ಸರಿಯಾಗಿ ಕೂರುವ ಹಳೇ ಫ್ರಾಕನ್ನು ಮಧ್ಯಕ್ಕೆ ಮಡಚಿ, ಪೇಪರ್ ಮೇಲಿಟ್ಟು ಗೆರೆ ಎಳೆಯಿರಿ. ನಮ್ಮನೇಲಿ ಎಲ್ಲ ಅಳತೆಯೂ ಹಳೇ 'ಸಕಾಳ' ಪತ್ರಿಕೆಯ ಮೇಲೇ ಇದೆ. ನಾನು ಎಡವಿದ್ದು ಕೊರಳಲ್ಲಿ. ಕೊರಳು ಅಳೆದು, ಸಡಿಲ ಇರಲಿ ಅಂತ ಒಂದಿಷ್ಟು ಸೇರಿಸಿ 13 ಇಂಚು ಸುತ್ತ ಕತ್ತರಿಸಿದೆ. ಹುಟ್ಟುಹಬ್ಬದ ಬೆಳಿಗ್ಗೆ ತೊಡಿಸಲು ಹೋದರೆ ಫ್ರಾಕ್ ಕಿವಿಯ ಹತ್ತಿರ ಸಿಕ್ಕಿಬಿತ್ತು. ಒಳಗಿಂದ ಅಳು, ಹೊರಗೆ ಅತ್ತೆಯ ನಗು. ಅವಳ ತಲೆ ಹತ್ತೊಂಬತ್ತೂವರೆ ಇಂಚು! ಈ ವಯಸ್ಸಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಅಳೆಯಬೇಕಾದ್ದು ಅದನ್ನು. ಬೆನ್ನಲ್ಲಿ 4 ಇಂಚು ಸೀಳಿದರೆ ಎರಡೂ ಬದಿ ಸೇರಿ ಕೊರಳಿನ ಬಾಯಿಗೆ 8 ಇಂಚು ಹೆಚ್ಚುತ್ತೆ, 21 ಆಯಿತು, ತಲೆ ಸಲೀಸಾಗಿ ತೂರುತ್ತೆ. ಮೇಲೊಂದು ಟಿಚ್ ಬಟನ್. ಕೊರಳಿಗೆ ಎಳೆದು ಕಟ್ಟುವ ದಾರ ಮಾತ್ರ ಬೇಡವೇ ಬೇಡ. ಜಾರುಬಂಡಿಯಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ಯೂರೋಪಿನಲ್ಲಿ 7 ವರ್ಷದೊಳಗಿನ ಮಕ್ಕಳ ಬಟ್ಟೆಯ ಕೊರಳಿಗೆ ಇಂಥ ದಾರ ಹಾಕಬಾರದೆಂದೇ ನಿಯಮವಿದೆ.

ಗೊಂಬೆಯ ಕಣ್ಣಿಗೆ ಗುಂಡಿ ಹಚ್ಚಬೇಡಿ, ಕಪ್ಪು ದಾರದಲ್ಲಿ ಹೆಣೆಯಿರಿ. 3 ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ, ಅದರೊಳಗೆ ಪೂರ್ತಿ ಕೂರುವ ತುಂಡು ಗಂಟಲಿಗೂ ಹೋದೀತು ಅಂತ ಲೆಕ್ಕ. ಸಾಮಾನ್ಯ ಗುಂಡಿಗಳೆಲ್ಲ ಅದರೊಳಗೆ ಪೂರ್ತಿ ಕೂರುತ್ತವೆ, ಅಂದರೆ ಪರೀಕ್ಷೆಯಲ್ಲಿ ಫೇಲು. ನಿಮ್ಮವಳಿಗೆ ಮೂರು ತುಂಬಿದ್ದರೂ ಆಟಕ್ಕೆ ಬರುವ ಪಕ್ಕದ ಮನೆ ಕೂಸಿಗೆ ತುಂಬಿರಲ್ಲ.

ಬಟ್ಟೆಗೆ ಲಕ್ಷ್ಮೀ ರಸ್ತೆ, ಲೇಸು-ಇಲಾಸ್ಟಿಕ್‌ಗೆ ರವಿವಾರ ಪೇಠ. ಅಂಗಡಿಯವರು ಖಣದ ಫ್ರಾಕ್ ತೋರಿಸಿ ಆಸೆ ಹುಟ್ಟಿಸುತ್ತಾರೆ, ನಮ್ಮ ಗುಳೇದಗುಡ್ಡದ ಖಣ ಅಂದಮೇಲೆ ನನಗೂ ತಡೆಯಲಾಗಲ್ಲ. ಆದರೆ ಅದರ ಪನ್ನಾ ಕಡಿಮೆ, ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತೆ, ಒಳಗೆ ಮಲ್‌ಮಲ್ ಅಸ್ತರ್ ಇಲ್ಲದೆ ಮಗು ಹತ್ತು ನಿಮಿಷ ತೊಡಲ್ಲ. ಮೂರನೆಯ ಫ್ರಾಕಿಗೆ ಇಟ್ಟುಕೊಳ್ಳಿ.

ಇನ್ನೊಂದು, ಗುಂಡುಸೂಜಿ. ನನ್ನ ಡಬ್ಬಿಯಲ್ಲಿ ಸರಿಯಾಗಿ 12 ಇವೆ. ಹೊಲಿಗೆ ಮುಗಿದ ಮೇಲೆ ಎಣಿಸುತ್ತೇನೆ. 11 ಬಂದರೆ ಆ ಬಟ್ಟೆ ಅವತ್ತು ಮಗುವಿನ ಮೈಗೆ ಹೋಗಲ್ಲ.