ಆ ಮೊದಲ ರಾತ್ರಿಯನ್ನು ಬರೆಯಿರಿ

ಪ್ರಿಯ ಲೇಖಕಿಯವರೇ,

ಸ್ತನ ಕ್ಯಾನ್ಸರ್ ಬಗ್ಗೆ ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಶಾರದಮ್ಮ ಬಚ್ಚಲುಮನೆಯ ಕನ್ನಡಿಗೆ ಟವೆಲ್ ಹೊದಿಸುವ ದೃಶ್ಯ ನಿಜಕ್ಕೂ ಚೆನ್ನಾಗಿದೆ.

ಮೊದಲು ಗಂಟಿನ ವಿಷಯ. ಕಡಲೆಕಾಳಿನಷ್ಟಿತ್ತು ಎಂದಿದ್ದೀರಿ. ಮುಂದಿನ ಪುಟದಲ್ಲಿ ಪೂರ್ತಿ ಸ್ತನವನ್ನೇ ತೆಗೆದಿದ್ದಾರೆ. ಯಾಕೆ? ಅಷ್ಟು ಚಿಕ್ಕದಾದರೆ ಸಾಮಾನ್ಯವಾಗಿ ಗಂಟನ್ನೂ ಸುತ್ತಲಿನ ಒಂದಿಷ್ಟನ್ನೂ ತೆಗೆದು, ಉಳಿದದ್ದನ್ನು ಹೊಂದಿಸಿ ಹೊಲಿದು, ಆಮೇಲೆ ರೇಡಿಯೇಷನ್ ಕೊಡುತ್ತಾರೆ. ಎರಡು ಮೂರು ಕಡೆ ಗಂಟಿತ್ತು, ಕಂಕುಳಿಗೂ ಹಬ್ಬಿತ್ತು ಅನ್ನಿ. ಒಂದು ಸಾಲು ಸಾಕು.

ಇನ್ನು ತೆಗೆದ ಜಾಗದಲ್ಲಿ ಹೊಸ ಸ್ತನ ಕಟ್ಟುವ ವಿಷಯ. ನಾಲ್ಕನೇ ಪುಟದಲ್ಲಿ ಸಿಲಿಕೋನ್ ಇಟ್ಟರು. ಆರನೇ ಪುಟದಲ್ಲಿ ಅದು ಹೊಟ್ಟೆಯ ಕೊಬ್ಬಿನಿಂದ ಮಾಡಿದ್ದಾಗಿದೆ! ಒಂದನ್ನು ಆರಿಸಿಕೊಳ್ಳಿ. ರೇಡಿಯೇಷನ್ ಆದ ಜಾಗದಲ್ಲಿ ಸಿಲಿಕೋನ್ ಇಟ್ಟರೆ, ಸುತ್ತಲಿನ ಪೊರೆ ಗಟ್ಟಿಯಾಗಿ ಬಿಗಿಯುವ ಸಾಧ್ಯತೆ ಜಾಸ್ತಿ. ನಿಮ್ಮ ಶಾರದಮ್ಮನಿಗೆ ರೇಡಿಯೇಷನ್ ಆಗಿದೆ, ಆದ್ದರಿಂದ ಹೊಟ್ಟೆಯ ಕೊಬ್ಬೇ ಇರಲಿ. 1982ರಲ್ಲಿ ಅಮೆರಿಕದ ಸರ್ಜನ್ ಹಾರ್ಟ್‌ರ್ಯಾಂಪ್ಫ್ ಅವರು ಪ್ರಕಟಿಸಿದ ಟ್ರಾಮ್ ವಿಧಾನದಲ್ಲಿ ಹೊಟ್ಟೆಯ ಸ್ನಾಯುವನ್ನೂ ತೆಗೆಯುತ್ತಿದ್ದರು. ಹೊಟ್ಟೆಯ ಗೋಡೆ ಸಡಿಲವಾಗಿ ಹರ್ನಿಯಾ ಆಗುವ ಭಯ ಇರುತ್ತಿತ್ತು. 1990ರ ದಶಕದಲ್ಲಿ ಬಂದ ಡೀಪ್ ವಿಧಾನದಲ್ಲಿ ಸ್ನಾಯು ಅಲ್ಲೇ ಉಳಿಯುತ್ತದೆ. ಅದರೊಳಗಿಂದ ಸಣ್ಣ ರಕ್ತನಾಳಗಳನ್ನು ಬಿಡಿಸಿ, ಚರ್ಮ ಕೊಬ್ಬಿನ ಸಮೇತ ಎದೆಗೆ ತಂದು, ಅಲ್ಲಿನ ನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ.

ಕಥೆ ಇರುವುದು ಇದರ ನಂತರ. ನೀವೋ ಥಿಯೇಟರ್ ಬಾಗಿಲಿಂದ ನೇರವಾಗಿ ‘ಮೂರು ತಿಂಗಳ ಬಳಿಕ’ಕ್ಕೆ ಹಾರಿದ್ದೀರಿ. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬರುತ್ತಾಳೆ. ಹೊಸ ಸ್ತನದ ಬಣ್ಣ ನೋಡುತ್ತಾಳೆ, ಬೆಚ್ಚಗಿದೆಯಾ ಎಂದು ಮುಟ್ಟುತ್ತಾಳೆ, ಬೆರಳಲ್ಲಿ ಒತ್ತಿ ಬಿಡುತ್ತಾಳೆ. ಪೆನ್ನಿನಂಥ ಡಾಪ್ಲರ್ ಇಟ್ಟರೆ ಒಳಗಿನ ರಕ್ತ ಸುಂಯ್, ಸುಂಯ್ ಅನ್ನುತ್ತದೆ. ನಾಳ ಕಟ್ಟಿಕೊಂಡರೆ ಮತ್ತೆ ಥಿಯೇಟರಿಗೆ ಓಡಬೇಕು. ಕತ್ತಲಲ್ಲಿ ಆ ಸದ್ದಿಗಾಗಿ ಕಿವಿಗೊಟ್ಟು ಮಲಗಿರುವ ಹೆಂಗಸನ್ನು ಬರೆಯಿರಿ. ಮೂರನೆಯ ದಿನ ಅವಳನ್ನು ನೆಟ್ಟಗೆ ನಡೆಸಬೇಡಿ. ಹೊಟ್ಟೆ ಬಿಗಿದು ಹೊಲಿದಿರುತ್ತಾರೆ, ಬಗ್ಗಿಯೇ ನಡೆಯಬೇಕು.

ಡಾಕ್ಟರ ಅರ್ಧ ಪುಟದ ಭಾಷಣ ತೆಗೆಯಿರಿ. ಸುಶ್ರುತ ಕತ್ತರಿಸಿದ ಮೂಗನ್ನು ಮತ್ತೆ ಕಟ್ಟಿದ ಕಥೆ ಸರಿಯೇ, ಆದರೆ ಶಾರದಮ್ಮ ಕೇಳುವುದು ಡ್ರೈನ್ ಟ್ಯೂಬ್ ಯಾವತ್ತು ತೆಗೀತೀರಿ ಅಂತ, ಅಲ್ವಾ?

ಇನ್ನೊಂದು. ‘ಆ ಭಾಗ’ ಎಂದು ಹನ್ನೊಂದು ಸಲ ಬರೆದಿದ್ದೀರಿ, ‘ಸ್ತನ’ ಒಂದು ಸಲವೂ ಇಲ್ಲ. ನಾಚಿಕೆ ಶಾರದಮ್ಮನದಾದರೆ ಒಪ್ಪುತ್ತೇನೆ. ನಿರೂಪಕಿಗೆ ಯಾಕೆ?

ಕೊನೆಯ ಸಾಲು ನನಗೆ ಒಪ್ಪಿಗೆಯಿಲ್ಲ. ಮೊಮ್ಮಗುವನ್ನು ಅಪ್ಪಿಕೊಂಡಾಗ ಹೊಸ ಸ್ತನ ‘ಬೆಚ್ಚಗಾಯಿತು’ ಅಂತೆ. ನರಗಳು ಕತ್ತರಿಸಿರುತ್ತವೆ, ಅಲ್ಲಿ ಸ್ಪರ್ಶ ಬಹಳ ಕಡಿಮೆ, ಎಷ್ಟೋ ಜನರಿಗೆ ಇರುವುದೇ ಇಲ್ಲ. ನಮ್ಮ ಬಳಗದಲ್ಲೇ ಒಬ್ಬರು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಸುಟ್ಟದ್ದು ಗೊತ್ತಾಗಿದ್ದು ಬೆಳಿಗ್ಗೆ ಬೊಬ್ಬೆ ಕಂಡಾಗ. ಮಗುವಿನ ತಲೆ ಅಲ್ಲಿ ಒರಗಿದೆ, ಶಾರದಮ್ಮನಿಗೆ ಅದರ ಭಾರ ಮಾತ್ರ ತಿಳಿಯುತ್ತಿದೆ. ಅಲ್ಲಿಂದ ಮುಂದೆ ಯೋಚಿಸಿ ನೋಡಿ.

ತಿದ್ದಿ ಕಳಿಸಿ, ಓದುತ್ತೇನೆ. ಎರಡು ಸಾವಿರ ಪದ ಮೀರದಿರಲಿ. ಕನ್ನಡಿಯ ಟವೆಲ್ ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ