ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್ 20 ವರ್ಷದ ನಂತರ ತಂದ ಆಲ್ಬಮ್ ‘ದಿ ಎಂಡ್‌ಲೆಸ್ ರಿವರ್’ನಲ್ಲಿ ಹಾಡುಗಾರಿಕೆ ಯಾಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ?

ಅದು ಹಾಡಿಗಾಗಿ ಬರೆದ ಸಂಗೀತ ಅಲ್ಲ, ಅದಕ್ಕೇ. 2014ರ ನವೆಂಬರ್‌ನಲ್ಲಿ ಬಂದ ಈ ಆಲ್ಬಮ್‌ನ ಬಹುಪಾಲು 1993-94ರಲ್ಲಿ ಹಿಂದಿನ ಆಲ್ಬಮ್ ‘ದಿ ಡಿವಿಜನ್ ಬೆಲ್’ ತಯಾರಾಗುವಾಗ ತಂಡದ ಡೇವಿಡ್ ಗಿಲ್ಮೋರ್, ನಿಕ್ ಮೇಸನ್, ರಿಚರ್ಡ್ ರೈಟ್ ಮೂವರೂ ಸೇರಿ ಮನಸ್ಸಿಗೆ ಬಂದಂತೆ ನುಡಿಸಿ ಉಳಿಸಿಟ್ಟಿದ್ದ ರೆಕಾರ್ಡಿಂಗ್.

ಪಲ್ಲವಿ-ಚರಣದ ಲೆಕ್ಕವಿಲ್ಲದೆ ನುಡಿಸಿದ್ದರ ಮೇಲೆ ಸಾಹಿತ್ಯ ಕೂರಿಸುವುದು ಕಷ್ಟ. ಕೀಬೋರ್ಡ್ ವಾದಕ ರೈಟ್ 2008ರಲ್ಲೇ ತೀರಿಕೊಂಡಿದ್ದರಿಂದ ಅವರ ಭಾಗವನ್ನು ಹಾಡಿಗೆ ತಕ್ಕಂತೆ ಮತ್ತೆ ನುಡಿಸಿಸುವ ದಾರಿಯೂ ಇರಲಿಲ್ಲ. ಹಾಗಾಗಿ ಕೆಲಸ ತಿರುಗುಮುರುಗಾಗಿ ನಡೆಯಿತು: ಆಲ್ಬಮ್ ನಿರ್ಮಾಪಕರಲ್ಲೊಬ್ಬರಾದ ಫಿಲ್ ಮಾನ್ಜನೆರಾ ಸುಮಾರು 20 ಗಂಟೆಯ ಸರಕು ಕೇಳಿ, ಆಯ್ದು, ನಾಲ್ಕು ಭಾಗವಾಗಿ ಜೋಡಿಸಿದರು, ಆಮೇಲೆ ಗಿಲ್ಮೋರ್ ಗಿಟಾರ್, ಮೇಸನ್ ಡ್ರಮ್ಸ್ ಹೊಸದಾಗಿ ಸೇರಿಸಿದರು. ಎರಡು ಎಲ್‌ಪಿ ತಟ್ಟೆಗಳ ನಾಲ್ಕು ಮಗ್ಗುಲಿಗೂ ಒಂದೊಂದು ಭಾಗ.

‘ಆಟಮ್ 68’ ಅನ್ನುವ ಪುಟ್ಟ ತುಣುಕು ಇನ್ನೂ ಹಳೆಯದು. ಅದರಲ್ಲಿ ಕೇಳುವುದು 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ದೈತ್ಯ ಪೈಪ್ ಆರ್ಗನ್ ಮೇಲೆ ರೈಟ್ ಬೆರಳಾಡಿಸಿದ್ದು. ನನ್ನ ಕಿವಿಗೆ ಇಡೀ ಆಲ್ಬಮ್‌ನ ಜೀವ ಅಲ್ಲೇ ಇದೆ.

ಆಲ್ಬಮ್‌ನ 18 ತುಣುಕುಗಳಲ್ಲಿ ಪೂರ್ಣ ಪ್ರಮಾಣದ ಹಾಡು ಕೊನೆಯದೊಂದೇ, ‘ಲೌಡರ್ ದ್ಯಾನ್ ವರ್ಡ್ಸ್’. ಸಾಹಿತ್ಯ ಗಿಲ್ಮೋರ್ ಪತ್ನಿ ಪಾಲಿ ಸ್ಯಾಮ್ಸನ್ ಅವರದು. ತಂಡದ ಸ್ಥಾಪಕರಲ್ಲೊಬ್ಬರಾದ ರೋಜರ್ ವಾಟರ್ಸ್ ಈ ಆಲ್ಬಮ್‌ನಲ್ಲಿ ಎಲ್ಲೂ ಇಲ್ಲ. ಅವರು ತಂಡ ಬಿಟ್ಟಿದ್ದು 1985ರಲ್ಲೇ. ಬಿಡಿ ಹಾಡು ಆರಿಸಿ ಕೇಳಿದರೆ ಸಪ್ಪೆ ಅನ್ನಿಸುತ್ತದೆ, ಒಂದು ಮಗ್ಗುಲು ಪೂರ್ತಿ ಒಟ್ಟಿಗೆ ಕೇಳಿ.