ದೋಣಿಗೆ ಹುಟ್ಟು ಹಾಕಲು ಕಲಿಸುತ್ತಾ ಬದುಕಬಹುದಾ?

ಪ್ರಶ್ನೆ: ನನ್ನ ತಂಗಿಯ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ, ಅಲ್ಲಿನ ಕಾಲೇಜಿನ ರೋಯಿಂಗ್ ತಂಡದಲ್ಲೂ ಇದ್ದಾಳೆ. ಓದು ಮುಗಿದ ಮೇಲೆ ಕಾಲೇಜು ಕೋಚ್ ಆಗುತ್ತೇನೆ ಅಂತಾಳೆ. ದೋಣಿ ನಡೆಸೋದರಲ್ಲಿ ಜೀವನಪೂರ್ತಿ ಕಲಿಸುವಂಥದ್ದು ಏನಿದೆ? ಮನೆಯವರಿಗೆಲ್ಲ ಚಿಂತೆ.
– ಓದುಗರು, ಮೈಸೂರು

ಉತ್ತರ: ತುಂಬಾ ಇದೆ. ಹ್ಯಾರಿ ಪಾರ್ಕರ್ ಅವರನ್ನೇ ನೋಡಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯ ಸ್ಪರ್ಧೆಯಲ್ಲಿ ಐದನೆಯವರಾಗಿ ಬಂದವರು. ಆಮೇಲೆ ಹಾರ್ವರ್ಡ್‌ಗೆ ಬಂದು ಮೊದಲ ವರ್ಷದ ಹುಡುಗರಿಗೆ ಕಲಿಸತೊಡಗಿದರು. ಅಲ್ಲಿನ ಮುಖ್ಯ ಕೋಚ್ ತೀರಿಕೊಂಡಾಗ, 1963ರಲ್ಲಿ, ಆ ಜಾಗ ಇವರಿಗೆ ಸಿಕ್ಕಿತು. ಆಗ ವಯಸ್ಸು 27. 2013ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು! ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ 1852ರಲ್ಲಿ ಶುರುವಾದ ದೋಣಿ ಪಂದ್ಯವೊಂದಿದೆ, ಈಗ ನಾಲ್ಕು ಮೈಲಿ ದೂರದ ಓಟ. ಅದರಲ್ಲಿ ಪಾರ್ಕರ್ ಹುಡುಗರು 1963ರಿಂದ 1980ರವರೆಗೆ ಸತತ 18 ವರ್ಷ ಗೆದ್ದರು.

ಆದರೆ ಕೋಚ್ ಕೆಲಸದ ಕಷ್ಟ ಇರುವುದು ಬೇರೆ ಕಡೆ. ದೋಣಿಯಲ್ಲಿ ಎಂಟು ಜಾಗ, ಕೇಳುವವರು ಜಾಸ್ತಿ. ಎಂಟು ಜನ ಒಟ್ಟಿಗೆ ಹುಟ್ಟು ಹಾಕುವಾಗ ಯಾರಿಂದ ದೋಣಿ ಓಡುತ್ತಿದೆ, ಯಾರು ಸುಮ್ನೆ ಬೆವರುತ್ತಿದ್ದಾರೆ ಅಂತ ದಡದಲ್ಲಿ ನಿಂತು ಹೇಳೋಕಾಗಲ್ಲ ಅಲ್ವಾ? ಅದಕ್ಕೇ ಸೀಟ್ ರೇಸಿಂಗ್ ಅನ್ನುವ ಪರೀಕ್ಷೆ ಇದೆ. ಅದನ್ನು ಬಳಕೆಗೆ ತಂದವರಲ್ಲಿ ಪಾರ್ಕರ್ ಹೆಸರು ಮುಖ್ಯ. ನಾಲ್ಕು ನಾಲ್ಕು ಜನರ ಎರಡು ದೋಣಿಗಳನ್ನು ಓಡಿಸಿ ಅಂತರ ಬರೆದುಕೊಳ್ಳುತ್ತಾರೆ, ಆಮೇಲೆ ಎರಡರಿಂದಲೂ ಒಬ್ಬೊಬ್ಬರನ್ನು ಅದಲುಬದಲು ಮಾಡಿ ಮತ್ತೆ ಓಡಿಸುತ್ತಾರೆ, ಅಂತರ ಎಷ್ಟು ಬದಲಾಯಿತೋ ಅದೇ ಆ ಇಬ್ಬರ ನಡುವಿನ ತೀರ್ಪು. ನೋಡೋಕೆ ಚಂದ ಹುಟ್ಟು ಹಾಕುವವನು ಸೋಲಬಹುದು. ಒರಟಾಗಿ ಎಳೆಯುವವನು ಗೆಲ್ಲಬಹುದು. ಸೋತವನಿಗೂ ಇದು ನ್ಯಾಯ ಅನ್ನಿಸಬೇಕು, ಮಾರನೇ ದಿನ ಬೆಳಗ್ಗೆ ಅವನು ಮತ್ತೆ ನೀರಿಗಿಳಿಯಬೇಕು. ನನ್ನ ಪ್ರಕಾರ ಈ ಕೆಲಸದ ಜೀವಾಳ ಇದೇ, ಇದನ್ನು ಕಲಿಯೋಕೆ ವರ್ಷಗಳೇ ಬೇಕು.

ಇನ್ನು ಕೆಲಸ ಸಿಗುತ್ತಾ ಅನ್ನುವ ಮಾತು. ಹುಡುಗಿಯರಿಗೆ ಮೊದಲಿಗಿಂತ ದಾರಿ ತೆರೆದಿದೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರೋಯಿಂಗ್ ಶುರುವಾಗಿದ್ದೇ 1976ರಲ್ಲಿ, ಅಲ್ಲಿ ಕಂಚು ಗೆದ್ದ ಅಮೆರಿಕದ ಎಂಟರ ತಂಡಕ್ಕೂ ಪಾರ್ಕರ್ ಅವರೇ ಕೋಚ್. ಓದಿನಲ್ಲೂ ಆಟದಲ್ಲೂ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂಬ 1972ರ ಕಾನೂನಿನಿಂದಾಗಿ ಅಲ್ಲಿನ ಕಾಲೇಜುಗಳಲ್ಲಿ ಮಹಿಳಾ ತಂಡಗಳು ಬೆಳೆದವು, 1997ರಿಂದ ಅವರಿಗೆ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಚಾಂಪಿಯನ್‌ಶಿಪ್ ಕೂಡ ಇದೆ. ಸಾಮಾನ್ಯವಾಗಿ ಸಹಾಯಕ ಕೋಚ್ ಆಗಿಯೇ ಶುರು ಮಾಡಬೇಕು. ಸಂಬಳ ದೊಡ್ಡದಿರಲ್ಲ, ಬೆಳಕು ಹರಿಯುವ ಮೊದಲೇ ಏಳಬೇಕು, ಹೊಸ ಆಟಗಾರರನ್ನು ಹುಡುಕಿಕೊಂಡು ಊರೂರು ಅಲೆಯಬೇಕು, ಒಳ್ಳೆಯ ಜಾಗ ಸಿಗುವ ಮುಂಚೆ ನಾಲ್ಕಾರು ಕಾಲೇಜು ಬದಲಿಸಬೇಕಾಗಿ ಬಂದರೂ ಬರಬಹುದು. ಇದನ್ನೆಲ್ಲ ಅವಳಿಗೆ ಮುಚ್ಚಿಡದೆ ಹೇಳಿ, ಆದರೆ ಬೇಡ ಅನ್ನಬೇಡಿ.

ಇನ್ನೊಂದು ಮಾತು. ಅವಳ ಕೋಚ್ ಮೋಟಾರ್ ದೋಣಿಯಲ್ಲಿ ತಂಡದ ಪಕ್ಕದಲ್ಲೇ ಹೋಗುತ್ತಾರಲ್ಲ, ರಜೆಯಲ್ಲಿ ಕೆಲವು ದಿನ ಅದರಲ್ಲಿ ತಾನೂ ಕೂತು ನೋಡಬಹುದಾ ಅಂತ ಈಗಲೇ ಕೇಳಲಿ.